ಪೂರೈಕೆದಾರರಿಗೆ ಬರುವ ಸೈಬರ್ ಭದ್ರತೆಯ ಪ್ರಶ್ನಾವಳಿ: ಅದು ಕೇಳುವುದೇನು, ಏಕೆ ಕೇಳುತ್ತದೆ

ಹಾಸನದ ಉಡುಪು ಘಟಕಗಳಿಗೆ, ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ರಫ್ತುದಾರರಿಗೆ ಈಗೀಗ ಹೊಸ ಬಗೆಯ ಕಾಗದವೊಂದು ಬರತೊಡಗಿದೆ. ಮಾಲಿನ ಗುಣಮಟ್ಟ, ಸಾಗಣೆಯ ದಿನಾಂಕ, ಪಾವತಿಯ ಷರತ್ತು ಇವುಗಳ ಜೊತೆಗೆ ಖರೀದಿದಾರ ಕಂಪನಿಯು ಉದ್ದನೆಯ ಎಕ್ಸೆಲ್ ಕಡತವೊಂದನ್ನು ಕಳುಹಿಸುತ್ತದೆ. ನಿಮ್ಮಲ್ಲಿ ಕಂಪ್ಯೂಟರ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ, ಬ್ಯಾಕಪ್ ಎಲ್ಲಿ ಇಟ್ಟಿದ್ದೀರಿ, ಕೆಲಸ ಬಿಟ್ಟುಹೋದವರ ಲಾಗಿನ್ ಎಷ್ಟು ದಿನದೊಳಗೆ ಮುಚ್ಚುತ್ತೀರಿ, ದಾಳಿಯಾದರೆ ನಮಗೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ ಎಂದು ಅದು ಕೇಳುತ್ತದೆ. ಬಹಳ ಕಡೆ ಈ ಕಡತ ನೇರವಾಗಿ ಅಕೌಂಟೆಂಟರ ಮೇಜಿಗೆ ಹೋಗುತ್ತದೆ. ಅವರು ಗೊತ್ತಿದ್ದದ್ದಕ್ಕೆ ‘ಹೌದು’ ಎಂದು ಬರೆಯುತ್ತಾರೆ, ಆರ್ಡರ್ ಕೈತಪ್ಪಬಾರದೆಂಬ ಆತಂಕದಲ್ಲಿ ಗೊತ್ತಿಲ್ಲದ್ದಕ್ಕೂ ‘ಹೌದು’ ಎಂದೇ ಬರೆದು ಕಳುಹಿಸುತ್ತಾರೆ.

ಹೀಗೆ ಮಾಡುವುದರಿಂದ ಕೇಳಿದವರಿಗೂ ಹೇಳಿದವರಿಗೂ ನಷ್ಟವೇ. ಈ ಪ್ರಶ್ನಾವಳಿಯು ಎರಡು ಸಂಸ್ಥೆಗಳ ನಡುವೆ ಯಾವ ಯಾವ ದಾರಿಗಳು ತೆರೆದಿವೆ, ಅವುಗಳಲ್ಲಿ ಯಾರು ಓಡಾಡುತ್ತಾರೆ ಎಂಬುದರ ಲೆಕ್ಕಪತ್ರ. ಅದರ ಹಿಂದಿರುವ ಭಯ ಯಾವುದೆಂದು ಅರ್ಥವಾದರೆ, ಹತ್ತು ಜನರ ಕಚೇರಿಯೂ ಅದಕ್ಕೆ ನೇರವಾಗಿ ಉತ್ತರಿಸಬಹುದು; ಮಾಡಬೇಕಾದ ಕೆಲಸಗಳಲ್ಲಿ ಬಹುಪಾಲು ಹೆಚ್ಚಿನ ಖರ್ಚಿಲ್ಲದವು.

ಪೂರೈಕೆದಾರರ ಮೂಲಕ ನಡೆದ ದಾಳಿಗಳು

ದೊಡ್ಡ ಕಂಪನಿಗಳು ಭದ್ರತೆಗೆ ಹೇರಳವಾಗಿ ಖರ್ಚು ಮಾಡುತ್ತವೆ. ಆದ್ದರಿಂದ ದಾಳಿಕೋರರು ಅವರ ಮೇಲೆ ನೇರವಾಗಿ ಏರಿಹೋಗುವ ಬದಲು, ಅವರೊಂದಿಗೆ ವ್ಯವಹರಿಸುವ ಸಣ್ಣ ಸಂಸ್ಥೆಯನ್ನು ಹುಡುಕುತ್ತಾರೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಮಳಿಗೆ ಸರಣಿಯಿಂದ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರಗಳು ಕಳುವಾದವು. ಕಳ್ಳರು ಒಳಹೊಕ್ಕದ್ದು ಆ ಮಳಿಗೆಗಳ ಶೀತಲೀಕರಣ ಮತ್ತು ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರ ಲಾಗಿನ್ ಬಳಸಿ. ಆ ಗುತ್ತಿಗೆದಾರರ ಪಾಸ್‌ವರ್ಡ್ ಕದಿಯಲು ಒಂದು ಮೋಸದ ಇಮೇಲ್ ಸಾಕಾಗಿತ್ತು. ತಂಪು ಪೆಟ್ಟಿಗೆ ರಿಪೇರಿ ಮಾಡುವವರಿಗೂ ಕಾರ್ಡ್ ಪಾವತಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಗುತ್ತಿಗೆದಾರರು ಬಿಲ್ ಸಲ್ಲಿಸಲು ಪ್ರವೇಶಿಸುತ್ತಿದ್ದ ಜಾಲಕ್ಕೂ ಪಾವತಿ ಯಂತ್ರಗಳಿದ್ದ ಜಾಲಕ್ಕೂ ನಡುವೆ ಸಾಕಷ್ಟು ತಡೆ ಇರಲಿಲ್ಲ, ಅಷ್ಟೇ.

ಕಾರ್ಖಾನೆ ನಡೆಸುವವರಿಗೆ ಇನ್ನೂ ಹತ್ತಿರದ ಉದಾಹರಣೆ ಜಪಾನಿನದು. 2022ರ ಫೆಬ್ರವರಿ ಕೊನೆಯಲ್ಲಿ ಟೊಯೋಟಾ ಕಂಪನಿಗೆ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೂರೈಸುವ ಕೋಜಿಮಾ ಎಂಬ ಸಂಸ್ಥೆಯ ಸರ್ವರ್‌ಗಳು ರಾನ್ಸಮ್‌ವೇರ್ ದಾಳಿಗೆ ಸಿಕ್ಕಿಬಿದ್ದವು. ಕಡತಗಳನ್ನು ಬೀಗ ಹಾಕಿದಂತೆ ಮುಚ್ಚಿಟ್ಟು, ತೆರೆಯಲು ಹಣ ಕೇಳುವ ದಾಳಿಗೆ ಆ ಹೆಸರು. ಟೊಯೋಟಾದ ಸ್ವಂತ ಕಂಪ್ಯೂಟರ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಬೇಕಾದ ಭಾಗವನ್ನು ಬೇಕಾದ ಹೊತ್ತಿಗೆ ತರಿಸಿಕೊಳ್ಳುವ ಪದ್ಧತಿಯಲ್ಲಿ ದಾಸ್ತಾನು ಕಡಿಮೆ ಇರುತ್ತದೆ, ಹಾಗಾಗಿ ಪೂರೈಕೆದಾರರ ಸಂದೇಶಗಳು ನಿಂತರೆ ಜೋಡಣೆಯೂ ನಿಲ್ಲುತ್ತದೆ. ಮಾರ್ಚ್ 1ರಂದು ಜಪಾನಿನಲ್ಲಿರುವ ಅದರ 14 ಕಾರ್ಖಾನೆಗಳ 28 ಜೋಡಣಾ ಸಾಲುಗಳು ನಿಂತವು. ಸುಮಾರು 13,000 ವಾಹನಗಳ ಉತ್ಪಾದನೆ ತಪ್ಪಿತು. ತನಿಖೆಯಲ್ಲಿ ತಿಳಿದುಬಂದ ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದದ್ದು: ದಾಳಿಕೋರರು ಕೋಜಿಮಾವನ್ನೂ ನೇರವಾಗಿ ಪ್ರವೇಶಿಸಿರಲಿಲ್ಲ. ಅದರ ಅಂಗಸಂಸ್ಥೆಯೊಂದು ಹೊರಗಿನ ಕಂಪನಿಯೊಂದಿಗೆ ಸಂಪರ್ಕಕ್ಕಾಗಿ ಇಟ್ಟುಕೊಂಡಿದ್ದ ದೂರಸಂಪರ್ಕ ಸಾಧನದಲ್ಲಿನ ದೋಷವೇ ಅವರಿಗೆ ದಾರಿಯಾಗಿತ್ತು.

ನಮ್ಮ ದೇಶದಲ್ಲಿಯೂ ಇಂಥದ್ದೇ ಸರಪಳಿ ಕಂಡದ್ದು 2024ರ ಜುಲೈ ಕೊನೆಯಲ್ಲಿ. ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಅದು ಹರಡದಂತೆ ತಡೆಯಲು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಪರಿಣಾಮವಾಗಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆಗಳು ದೊರೆಯದೆ ಹೋದವು. ಮರುದಿನ ಸಂಪರ್ಕ ಮತ್ತೆ ಕೊಡಲಾಯಿತು. ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ, ಆ ದಾಳಿಯ ಆರಂಭ ಸಿ-ಎಡ್ಜ್‌ನೊಂದಿಗೆ ಕೆಲಸ ಮಾಡುತ್ತಿದ್ದ ಮತ್ತೊಂದು ಕಂಪನಿಯಲ್ಲಿ ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದು ಸರ್ವರ್‌ನಿಂದ. ಅಲ್ಲಿಂದ ಸೇವಾ ಸಂಸ್ಥೆ, ಅಲ್ಲಿಂದ ಬ್ಯಾಂಕು, ಅಲ್ಲಿಂದ ಎಟಿಎಂ ಮುಂದೆ ನಿಂತ ಗ್ರಾಹಕ. ತಾವು ಹೆಸರನ್ನೂ ಕೇಳಿರದ ಕಂಪನಿಯೊಂದರ ಲೋಪಕ್ಕೆ ಹಳ್ಳಿಯ ಠೇವಣಿದಾರರು ತೊಂದರೆ ಅನುಭವಿಸಬೇಕಾಯಿತು.

ಸಾಫ್ಟ್‌ವೇರ್ ಮೂಲಕವೂ ಹೀಗಾಗಬಹುದು. 2017ರ ಜೂನ್‌ನಲ್ಲಿ ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಒಂದರ ಅಪ್‌ಡೇಟ್ ಒಳಗೆ ನಾಟ್‌ಪೆಟ್ಯಾ ಎಂಬ ವಿನಾಶಕಾರಿ ಪ್ರೋಗ್ರಾಂ ಸೇರಿಕೊಂಡಿತು. ಅದರಿಂದಾಗಿ ಮರ್ಸ್ಕ್ ಹಡಗು ಕಂಪನಿಯು ತನ್ನ 45,000 ಕಂಪ್ಯೂಟರ್‌ಗಳನ್ನೂ 4,000 ಸರ್ವರ್‌ಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು, ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ಸ್ಥಗಿತಗೊಂಡಿತು. ಉಕ್ರೇನಿನ ತೆರಿಗೆ ಸಾಫ್ಟ್‌ವೇರಿಗೂ ಮುಂಬೈಯಲ್ಲಿ ಕಾಯುತ್ತಿದ್ದ ಕಂಟೈನರ್‌ಗೂ ನಡುವಿನ ಈ ನಂಟನ್ನು ರಫ್ತಿನ ವ್ಯವಹಾರದಲ್ಲಿರುವ ಯಾರೂ ಮರೆಯಬಾರದು.

ಕಾನೂನು ಹೇಳುವುದೇನು

ಖರೀದಿದಾರರು ಇದ್ದಕ್ಕಿದ್ದಂತೆ ಇಷ್ಟು ವಿವರ ಕೇಳಲು ಕಾನೂನೂ ಕಾರಣ. ಸೈಬರ್ ಭದ್ರತೆಗಾಗಿ ಯುರೋಪಿಯನ್ ಒಕ್ಕೂಟ ಮಾಡಿರುವ ಎನ್‌ಐಎಸ್2 ನಿರ್ದೇಶನವು ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ, ನೇರ ಪೂರೈಕೆದಾರರಿಂದ ಬರಬಹುದಾದ ಅಪಾಯವನ್ನೂ ನಿಭಾಯಿಸಬೇಕೆಂದು ವಿಧಿಸುತ್ತದೆ. ಸದಸ್ಯ ದೇಶಗಳು 2024ರ ಅಕ್ಟೋಬರ್ 17ರೊಳಗೆ ಇದನ್ನು ತಮ್ಮ ಕಾನೂನಿಗೆ ತರಬೇಕಿತ್ತು. ಇಟಲಿ ಆ ವರ್ಷವೇ ತಂದಿತು. ಕಾಫಿ ನಾಡಿನವರಿಗೆ ಇದು ದೂರದ ಸುದ್ದಿಯಲ್ಲ. ಆ ನಿರ್ದೇಶನದ ಪಟ್ಟಿಯಲ್ಲಿ ಆಹಾರ ಸಂಸ್ಕರಣೆ ಮತ್ತು ಸಗಟು ವಿತರಣೆಯ ಮಧ್ಯಮ ಹಾಗೂ ದೊಡ್ಡ ಉದ್ಯಮಗಳೂ ಸೇರಿವೆ, ಭಾರತದ ಕಾಫಿಯ ದೊಡ್ಡ ಖರೀದಿದಾರ ದೇಶ ಇಟಲಿಯೇ. ಅಲ್ಲಿನ ಹುರಿಯುವ ಕಂಪನಿಯ ಮೇಲೆ ಬಿದ್ದ ಹೊಣೆಯ ಒಂದು ಪಾಲು ಪ್ರಶ್ನಾವಳಿಯ ರೂಪದಲ್ಲಿ ಇಲ್ಲಿಗೆ ಬಂದಿದೆ ಎಂದು ತಿಳಿಯಬಹುದು.

ನಮ್ಮಲ್ಲಿ ಸೈಬರ್ ತುರ್ತು ಪ್ರತಿಕ್ರಿಯೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರಲ್ಲಿ ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು ಮತ್ತು ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಬಂದು ಏನು ಮಾಡಿದರೆಂಬ ದಾಖಲೆಗಳನ್ನು, 180 ದಿನ ಉಳಿಸಿಕೊಳ್ಳಬೇಕು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಸಿಕ್ಕ ರಿಯಾಯಿತಿ ಕೆಲವು ತಿಂಗಳ ಹೆಚ್ಚುವರಿ ಕಾಲಾವಕಾಶ ಮಾತ್ರ. ಅವುಗಳಿಗೂ 2022ರ ಸೆಪ್ಟೆಂಬರ್ 25ರಿಂದ ಈ ನಿಯಮ ಅನ್ವಯಿಸುತ್ತದೆ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಗುತ್ತಿಗೆಯ ಬಗ್ಗೆ ಪ್ರತ್ಯೇಕ ನಿರ್ದೇಶನವನ್ನೇ ಕೊಟ್ಟಿದೆ. ಸೇವೆ ಒದಗಿಸುವವರು ಘಟನೆಯನ್ನು ತಡಮಾಡದೆ ಬ್ಯಾಂಕಿಗೆ ತಿಳಿಸಬೇಕು, ಅವರು ಪತ್ತೆ ಹಚ್ಚಿದ ಹೊತ್ತಿನಿಂದ 6 ಗಂಟೆಯೊಳಗೆ ಬ್ಯಾಂಕು ರಿಸರ್ವ್ ಬ್ಯಾಂಕಿಗೆ ತಿಳಿಸಬೇಕು ಎಂಬುದು ಅದರ ಆಶಯ. ‘ನಮಗೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ’ ಎಂಬ ಪ್ರಶ್ನೆ ಇಷ್ಟು ಬಿಗಿಯಾಗಿ ಬರುವುದು ಇಂತಹ ಗಡುವುಗಳಿಂದಾಗಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಜನರ ಮಾಹಿತಿಯನ್ನು ಸಂಗ್ರಹಿಸಿದ ಸಂಸ್ಥೆಯು ಆ ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆಯಿಂದ ಕಳಚಿಕೊಳ್ಳಲು ಆಗುವುದಿಲ್ಲ. ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಕಾನೂನಿನ ಮುಂದೆ ಉತ್ತರಿಸಬೇಕಾದವರು ಅವರೇ. ಸೂಕ್ತ ರಕ್ಷಣೆ ಇಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಇರಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುತ್ತಿದ್ದು, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಉಡುಪು ಘಟಕದ ಸಾವಿರಾರು ಮಹಿಳೆಯರ ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಸಂಬಳದ ಲೆಕ್ಕಕ್ಕಾಗಿ ಹೊರಗಿನ ಏಜೆನ್ಸಿಗೆ ಕೊಡುವಾಗಲೂ ಇದೇ ನಿಯಮ. ಕಾಫಿಯಲ್ಲಿ ಮತ್ತೊಂದು ಬಗೆಯ ಮಾಹಿತಿ ಈಗ ಸೇರಿಕೊಂಡಿದೆ: ಯುರೋಪಿನ ಅರಣ್ಯನಾಶ ತಡೆ ಕಾನೂನಿನ ಜಾರಿ ಮುಂದೂಡಿಕೆಯಾಗಿದ್ದರೂ, ಅದಕ್ಕಾಗಿ ಬೆಳೆಗಾರರ ತೋಟಗಳ ಭೂಸ್ಥಾನದ ನಿರ್ದೇಶಾಂಕಗಳನ್ನು ಸಂಗ್ರಹಿಸುವ ಕೆಲಸ ನಡೆದಿದೆ. ಎರಡು ಮೂರು ಎಕರೆಯ ಬೆಳೆಗಾರರ ಹೆಸರು, ಫೋನ್ ಸಂಖ್ಯೆ, ಜಮೀನಿನ ಗಡಿ, ಬೆಳೆಯ ಪ್ರಮಾಣ ಎಲ್ಲವೂ ಒಂದೇ ಕಡತದಲ್ಲಿ ಸೇರುತ್ತಿರುವಾಗ ಆ ಕಡತ ಯಾರ ಲ್ಯಾಪ್‌ಟಾಪಿನಲ್ಲಿದೆ, ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋಗಿದೆ ಎಂದು ಕೇಳುವುದು ಬೆಳೆಗಾರರ ಹಕ್ಕು. ಈ ಬಗ್ಗೆ ನಮ್ಮ ಕಡೆ ಇನ್ನೂ ಸಾಕಷ್ಟು ಮಾತು ನಡೆದಿಲ್ಲ ಎಂಬುದು ನನ್ನ ಕಳವಳ.

ಲಾಗಿನ್‌ಗಳ ಲೆಕ್ಕ

ಪ್ರಶ್ನಾವಳಿ ಎಷ್ಟೇ ಉದ್ದವಿರಲಿ, ಅದರ ತಿರುಳು ನಾಲ್ಕು ಭಯಗಳಿಗೆ ಸೇರಿದ್ದು. ನಿಮ್ಮ ಲಾಗಿನ್ ಬಳಸಿ ಯಾರಾದರೂ ನಮ್ಮೊಳಗೆ ಬರಬಹುದು. ನಾವು ಕೊಟ್ಟ ಮಾಹಿತಿ ನಿಮ್ಮಿಂದ ಸೋರಬಹುದು. ನೀವು ಕೆಲಸ ನಿಲ್ಲಿಸಬೇಕಾಗಿ ಬಂದು ನಮ್ಮ ಕೆಲಸವೂ ನಿಲ್ಲಬಹುದು. ನಿಮ್ಮ ಹೆಸರಿನಲ್ಲಿ ಬಂದ ಸುಳ್ಳು ಪತ್ರವನ್ನು ನಂಬಿ ನಾವು ಹಣವನ್ನು ಬೇರೆಯವರಿಗೆ ಕಳುಹಿಸಬಹುದು. ಪ್ರತಿಯೊಂದು ಪ್ರಶ್ನೆಯನ್ನೂ ಓದುವಾಗ ಇದು ಈ ನಾಲ್ಕರಲ್ಲಿ ಯಾವುದರದ್ದು ಎಂದು ಕೇಳಿಕೊಂಡರೆ ಉತ್ತರ ಸುಲಭವಾಗುತ್ತದೆ.

ಲಾಗಿನ್‌ನ ವಿಷಯವೇ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುತ್ತದೆ. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಒಂದೇ ಇಮೇಲ್ ಖಾತೆಯನ್ನು ಮಾಲೀಕರು, ಮ್ಯಾನೇಜರ್, ಅಕೌಂಟೆಂಟ್, ಡಿಸ್ಪ್ಯಾಚ್ ನೋಡಿಕೊಳ್ಳುವವರು ಎಲ್ಲರೂ ಬಳಸುತ್ತಾರೆ. ಖರೀದಿದಾರರ ಪೋರ್ಟಲ್‌ಗೂ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್, ಅದು ಮಾನಿಟರ್‌ಗೆ ಅಂಟಿಸಿದ ಚೀಟಿಯಲ್ಲಿ. ಹೀಗಿದ್ದಾಗ ಯಾವುದಾದರೂ ತಪ್ಪು ವಹಿವಾಟು ನಡೆದರೆ ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಒಬ್ಬರು ಕೆಲಸ ಬಿಟ್ಟುಹೋದರೆ ಎಲ್ಲರ ಪಾಸ್‌ವರ್ಡೂ ಬದಲಾಗಬೇಕು, ಆದ್ದರಿಂದ ಯಾರೂ ಬದಲಾಯಿಸುವುದಿಲ್ಲ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅದಕ್ಕೆ ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಆ್ಯಪ್ ತೋರಿಸುವ ಎರಡನೇ ದೃಢೀಕರಣ, ಕೆಲಸ ಬಿಟ್ಟ ದಿನವೇ ಆ ಲಾಗಿನ್ ಮುಚ್ಚುವ ಶಿಸ್ತು: ಈ ಮೂರನ್ನು ಇಮೇಲ್‌ಗೂ ಖರೀದಿದಾರರ ಪೋರ್ಟಲ್‌ಗೂ ಅಳವಡಿಸಿದರೆ ಪ್ರಶ್ನಾವಳಿಯ ಬಹು ದೊಡ್ಡ ಭಾಗಕ್ಕೆ ಪ್ರಾಮಾಣಿಕವಾದ ‘ಹೌದು’ ದೊರೆಯುತ್ತದೆ. ಎರಡನೇ ದೃಢೀಕರಣ ಕಡ್ಡಾಯವಾಗಿದ್ದಲ್ಲಿ ಕದ್ದ ಪಾಸ್‌ವರ್ಡ್ ಒಂದರಿಂದಲೇ ಒಳಬರುವುದು ಕಷ್ಟ.

ನಮ್ಮ ಊರುಗಳಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ದಾರಿ ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್‌ನದು. ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟವರು, ವೇಬ್ರಿಡ್ಜ್‌ನ ಪ್ರೋಗ್ರಾಂ ಬರೆದುಕೊಟ್ಟವರು, ಸಿಸಿಟಿವಿ ಕೂರಿಸಿದವರು ‘ಏನಾದರೂ ತೊಂದರೆಯಾದರೆ ಅಲ್ಲಿಂದಲೇ ನೋಡುತ್ತೇವೆ’ ಎಂದು ಇಂಥದ್ದೊಂದು ಪ್ರೋಗ್ರಾಂ ಹಾಕಿ, ಯಾರೂ ಒಪ್ಪಿಗೆ ಕೊಡದೆಯೇ ಒಳಬರುವಂತೆ ಸ್ಥಿರ ಪಾಸ್‌ವರ್ಡ್ ಇಟ್ಟುಹೋಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಸಕಲೇಶಪುರದಿಂದಲೋ ಮೂಡಿಗೆರೆಯಿಂದಲೋ ಪ್ರತಿ ಸಲ ಓಡಿಬರುವುದು ಸಾಧ್ಯವಿಲ್ಲ. ಆದರೆ ಎಲ್ಲ ಗಿರಾಕಿಗಳಿಗೂ ಅದೇ ಪಾಸ್‌ವರ್ಡ್ ಇಟ್ಟಿದ್ದರೆ, ಅವರ ಒಂದು ಕಚೇರಿಯಲ್ಲಿ ಆದ ಕಳವು ಎರಡು ಜಿಲ್ಲೆಯ ಗಿರಾಕಿಗಳೆಲ್ಲರ ಕಚೇರಿಗೂ ದಾರಿ ಕೊಡುತ್ತದೆ. ಪೂರೈಕೆದಾರರಿಗೂ ಪೂರೈಕೆದಾರರಿದ್ದಾರೆ ಎಂಬ ಮಾತು ಇಲ್ಲಿ ತೀರ ಸ್ಪಷ್ಟವಾಗುತ್ತದೆ. ಪರಿಹಾರ ಸರಳ: ದೂರದ ಪ್ರವೇಶ ಯಾವಾಗಲೂ ಮುಚ್ಚಿರಲಿ, ಬೇಕಾದಾಗ ಕಚೇರಿಯವರು ಒಪ್ಪಿಗೆ ಒತ್ತಿದ ಮೇಲಷ್ಟೇ ತೆರೆಯಲಿ, ಕೆಲಸ ಮುಗಿದ ಕೂಡಲೇ ಮುಚ್ಚಲಿ. ಸಿಸಿಟಿವಿ ಮತ್ತು ಇಂಟರ್ನೆಟ್ ರೂಟರ್‌ಗಳ ಜೊತೆ ಬಂದ ಮೂಲ ಪಾಸ್‌ವರ್ಡನ್ನು ಅಂದೇ ಬದಲಾಯಿಸಬೇಕು.

ಡಿಜಿಟಲ್ ಸಹಿಯ ಟೋಕನ್ ಕುರಿತು ವಿದೇಶಿ ಪ್ರಶ್ನಾವಳಿಗಳು ಸಾಮಾನ್ಯವಾಗಿ ಕೇಳುವುದಿಲ್ಲ, ಆದರೆ ನಾನು ಕೇಳಬೇಕೆನ್ನುತ್ತೇನೆ. ಪೆನ್ ಡ್ರೈವ್‌ನಂತಿರುವ ಆ ಟೋಕನ್ ಅನೇಕ ಮಾಲೀಕರ ಬಳಿ ಇರುವುದಿಲ್ಲ. ಅದು ಆಡಿಟರ ಕಚೇರಿಯ ಡ್ರಾಯರಿನಲ್ಲಿ, ಮೇಲೆ ಪಿನ್ ಬರೆದ ಚೀಟಿಯೊಂದಿಗೆ, ಇತರರ ಟೋಕನ್‌ಗಳ ನಡುವೆ ಇರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ, ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸುವುದು ಸಹಿದಾರರ ಕರ್ತವ್ಯ ಎನ್ನುತ್ತದೆ. ಆ ಟೋಕನ್‌ನಿಂದ ಮಾಡಿದ ಸಹಿ ನಿಮ್ಮದೇ ಸಹಿ. ಆಡಿಟರ ಮೇಲಿನ ವಿಶ್ವಾಸಕ್ಕೆ ಇದರಿಂದ ಕುಂದಿಲ್ಲ. ಆ ಕಚೇರಿಗೆ ನಾಳೆ ಯಾರು ಬರುತ್ತಾರೆ, ಹೋಗುತ್ತಾರೆ ಎಂಬುದು ಅವರ ಕೈಯಲ್ಲಿಯೂ ಇರುವುದಿಲ್ಲ.

ಕೆಲಸ ನಿಲ್ಲಬಾರದೆಂದರೆ

ಬ್ಯಾಕಪ್ ಇದೆಯೇ ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ‘ಹೌದು’ ಎನ್ನುತ್ತಾರೆ. ಸರಿಯಾದ ಪ್ರಶ್ನೆ ಬೇರೆ: ಕಳೆದ ಸಲ ಆ ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ಪಡೆದು ನೋಡಿದ್ದು ಯಾವಾಗ? ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಹೊರಗಿನ ಹಾರ್ಡ್ ಡಿಸ್ಕ್ ರಾನ್ಸಮ್‌ವೇರ್ ಬಂದ ದಿನ ಉಳಿಯುವುದಿಲ್ಲ, ಏಕೆಂದರೆ ಕಂಪ್ಯೂಟರ್‌ಗೆ ಕಾಣುವ ಎಲ್ಲ ಡಿಸ್ಕ್‌ಗಳನ್ನೂ ಅದು ಮುಚ್ಚಿಹಾಕುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯ ಹೊರಗೆ ಎಂಬ ರೂಢಿಯ ನಿಯಮಕ್ಕೆ, ಒಂದು ಪ್ರತಿಯಾದರೂ ಜಾಲದಿಂದ ಪೂರ್ಣ ಬೇರ್ಪಟ್ಟಿರಲಿ ಎಂಬುದನ್ನು ಸೇರಿಸಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಯಾವ ಬೆಳೆಗಾರರ ಎಷ್ಟು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಅಥವಾ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಗೋದಾಮಿನಲ್ಲಿದೆ, ಔಟ್‌ಟರ್ನ್, ಅಂದರೆ ಸಂಸ್ಕರಿಸಿದ ಮೇಲೆ ಸಿಕ್ಕ ಬೀಜದ ಪ್ರಮಾಣ, ಎಷ್ಟು ಬಂತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬ ಲೆಕ್ಕ ಜನವರಿಯಿಂದ ಏಪ್ರಿಲ್‌ವರೆಗಿನ ಗಡಿಬಿಡಿಯಲ್ಲಿ ಕಳೆದುಹೋದರೆ, ಕಂಪ್ಯೂಟರ್ ಹೊಸದು ಕೊಳ್ಳಬಹುದು, ಆ ಲೆಕ್ಕವನ್ನು ಕೊಳ್ಳಲಾಗದು. ಆ ತಿಂಗಳುಗಳಲ್ಲಿ ಪ್ರತಿದಿನದ ಕೊನೆಗೆ ದಾಸ್ತಾನಿನ ಪಟ್ಟಿಯನ್ನು ಮುದ್ರಿಸಿ ಇಡುವ ಹಳೆಯ ಪದ್ಧತಿ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಬಿಡಬೇಡಿ ಎಂದೇ ನನ್ನ ಸಲಹೆ.

ಇದರ ಜೊತೆಗೆ ಸಾಫ್ಟ್‌ವೇರ್ ಅಪ್‌ಡೇಟ್‌ನ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ನಡೆಯುತ್ತಿರುವ ಯಂತ್ರಗಳಲ್ಲಿ ಹೊಸದಾಗಿ ಕಾಣುವ ದೋಷಗಳಿಗೆ, ವಿಸ್ತೃತ ಬೆಂಬಲ ಪಡೆಯದಿದ್ದರೆ, ತಿದ್ದುಪಡಿ ಬರುವುದಿಲ್ಲ. ಬಣ್ಣ ವಿಂಗಡಿಸುವ ಯಂತ್ರಕ್ಕೋ ಕಸೂತಿ ಯಂತ್ರಕ್ಕೋ ಜೋಡಿಸಿದ ಹಳೆಯ ಕಂಪ್ಯೂಟರನ್ನು ಬದಲಿಸಲು ಆಗದಿದ್ದರೆ ಅದನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ ನಡೆಸಬಹುದು. ಬದಲಿಸಲಾಗುವುದಿಲ್ಲ ಎಂದು ಬರೆದು, ಬೇರ್ಪಡಿಸಿದ್ದೇವೆ ಎಂದು ಸೇರಿಸಿದರೆ ಅನುಭವಸ್ಥ ಖರೀದಿದಾರರು ಅದನ್ನು ಒಪ್ಪುತ್ತಾರೆ.

ಖಾತೆ ಸಂಖ್ಯೆ ಬದಲಾಗಿದೆ ಎಂಬ ಪತ್ರ

ರಫ್ತು ವ್ಯವಹಾರದಲ್ಲಿ ನಿಜವಾಗಿ ಹಣ ಹೋಗುವುದು ಹೆಚ್ಚಾಗಿ ಈ ದಾರಿಯಲ್ಲಿ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ದಾಳಿಕೋರರು ರಫ್ತುದಾರರ ಅಥವಾ ಖರೀದಿದಾರರ ಯಾರಾದರೊಬ್ಬರ ಇಮೇಲ್‌ಗೆ ಪ್ರವೇಶ ಪಡೆದು ಮೊದಲು ಏನೂ ಮಾಡದೆ ಸುಮ್ಮನೆ ಓದುತ್ತಿರುತ್ತಾರೆ. ಯಾವ ಲಾಟ್ ಯಾವಾಗ ಮಂಗಳೂರು ಬಂದರಿನಿಂದ ಹೊರಡುತ್ತದೆ, ಇನ್‌ವಾಯ್ಸ್ ಯಾರು ಕಳುಹಿಸುತ್ತಾರೆ, ಪತ್ರದ ಒಕ್ಕಣೆ ಹೇಗಿರುತ್ತದೆ ಎಂಬುದೆಲ್ಲ ಅವರಿಗೆ ತಿಳಿಯುತ್ತದೆ. ಪಾವತಿಯ ಸಮಯ ಬಂದಾಗ, ಮೂಲ ವಿಳಾಸದಲ್ಲಿ ಒಂದೇ ಅಕ್ಷರ ಬದಲಾದ ಇನ್ನೊಂದು ವಿಳಾಸದಿಂದ, ಕೆಲವೊಮ್ಮೆ ಮೂಲ ವಿಳಾಸದಿಂದಲೇ, ‘ಆಡಿಟ್ ನಡೆಯುತ್ತಿರುವುದರಿಂದ ಈ ಬಾರಿ ಹಣವನ್ನು ಈ ಖಾತೆಗೆ ಕಳುಹಿಸಿ’ ಎಂಬ ಪತ್ರ ಹೋಗುತ್ತದೆ. ಇನ್‌ವಾಯ್ಸ್ ಅದೇ, ಮುದ್ರೆ ಅದೇ, ಖಾತೆ ಸಂಖ್ಯೆ ಮಾತ್ರ ಬೇರೆ. ಮಾಲು ಹೋಗಿರುತ್ತದೆ, ಖರೀದಿದಾರರು ಹಣ ಕಟ್ಟಿಯೂ ಇರುತ್ತಾರೆ, ರಫ್ತುದಾರರಿಗೆ ಮಾತ್ರ ತಲುಪಿರುವುದಿಲ್ಲ. ಆಮೇಲೆ ನಷ್ಟ ಯಾರದ್ದು ಎಂಬ ಜಗಳದಲ್ಲಿ ವರ್ಷಗಳ ಸಂಬಂಧ ಮುರಿಯುತ್ತದೆ.

ಇದಕ್ಕೆ ತಾಂತ್ರಿಕ ರಕ್ಷಣೆ ಇದೆ. ಉಚಿತ ಇಮೇಲ್ ವಿಳಾಸದ ಬದಲು ಸಂಸ್ಥೆಯದೇ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಸ್ವಂತ ಹೆಸರು, ಇಟ್ಟುಕೊಂಡು, ಅದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಸೇರಿಸಿದರೆ, ನಿಮ್ಮ ಡೊಮೇನ್‌ನ ಹೆಸರನ್ನೇ ಹಾಕಿಕೊಂಡು ಬೇರೆಯವರು ಕಳುಹಿಸಿದ ಪತ್ರವನ್ನು ಸ್ವೀಕರಿಸುವವರ ವ್ಯವಸ್ಥೆ ಗುರುತಿಸಿ ತಡೆಯಬಲ್ಲದು. ಆದರೆ ಒಂದು ಅಕ್ಷರ ಬದಲಾದ ವಿಳಾಸವನ್ನು ಇವು ತಡೆಯುವುದಿಲ್ಲ, ನಿಮ್ಮ ಖಾತೆಯೇ ಕಳ್ಳರ ಕೈಯಲ್ಲಿದ್ದರೂ ತಡೆಯುವುದಿಲ್ಲ. ಆದ್ದರಿಂದ ನಿಜವಾದ ರಕ್ಷಣೆ ಒಪ್ಪಂದದಲ್ಲಿಯೇ ಬರೆದುಕೊಳ್ಳುವ ಒಂದು ವಾಕ್ಯದಲ್ಲಿದೆ: ಬ್ಯಾಂಕ್ ಖಾತೆಯ ಬದಲಾವಣೆಯನ್ನು ಇಮೇಲ್ ಮೂಲಕ ಮಾತ್ರ ಎಂದೂ ತಿಳಿಸುವುದಿಲ್ಲ, ಮೊದಲೇ ಗೊತ್ತಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಗುರುತಿನ ವ್ಯಕ್ತಿಯಿಂದ ಖಚಿತಪಡಿಸಿಕೊಳ್ಳದೆ ಹೊಸ ಖಾತೆಗೆ ಹಣ ಕಳುಹಿಸುವುದಿಲ್ಲ. ಪತ್ರದಲ್ಲಿಯೇ ಕೊಟ್ಟಿರುವ ಫೋನ್ ಸಂಖ್ಯೆಗೆ ಕರೆ ಮಾಡುವುದು ಖಚಿತಪಡಿಸಿಕೊಂಡಂತೆ ಅಲ್ಲ. ಲಾರಿ ಮಾಲೀಕರಿಗೆ ಬಾಡಿಗೆ ಕಟ್ಟುವಾಗಲೂ, ಬೆಳೆಗಾರರಿಗೆ ಕಾಫಿಯ ಹಣ ಹಾಕುವಾಗ ವಾಟ್ಸ್‌ಆ್ಯಪ್‌ನಲ್ಲಿ ಹೊಸ ಖಾತೆ ಸಂಖ್ಯೆ ಬಂದರೂ ಇದೇ ಕ್ರಮ ಇರಲಿ.

ಇದ್ದದ್ದನ್ನು ಇದ್ದಂತೆ ಬರೆಯುವುದು

ಈಗ ಪ್ರಶ್ನಾವಳಿಯನ್ನು ತುಂಬುವ ವಿಷಯ. ಅಲ್ಲಿ ಬರೆದ ಉತ್ತರಗಳನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸುವುದು ಸಾಮಾನ್ಯ, ಅಂದರೆ ‘ಹೌದು’ ಎಂಬ ಒಂದು ಗುರುತು ಕಾನೂನಿನ ಲೆಕ್ಕದಲ್ಲಿ ಭರವಸೆಯಾಗುತ್ತದೆ. ದಾಳಿಯ ನಂತರ ತನಿಖೆ ನಡೆದು ಎರಡನೇ ದೃಢೀಕರಣ ಇರಲೇ ಇಲ್ಲ ಎಂದು ಗೊತ್ತಾದರೆ, ಖರೀದಿದಾರರು ನಷ್ಟ ಭರ್ತಿ ಕೇಳಬಹುದು. ಸೈಬರ್ ವಿಮೆ ಇದ್ದರೆ ವಿಮಾ ಕಂಪನಿಯೂ ಕೈ ಎತ್ತಬಹುದು. ‘ಇಲ್ಲ, ಮುಂದಿನ ಮೂರು ತಿಂಗಳಲ್ಲಿ ಇಮೇಲ್ ಖಾತೆಗಳಿಗೆ ಅಳವಡಿಸುತ್ತೇವೆ, ಈ ಕೆಲಸಕ್ಕೆ ಇಂಥವರು ಹೊಣೆ’ ಎಂದು ಬರೆಯುವುದು ಸುಳ್ಳು ‘ಹೌದು’ಗಿಂತ ಎಲ್ಲ ರೀತಿಯಲ್ಲೂ ಗಟ್ಟಿ. ತಮಗೆ ಅನ್ವಯಿಸದ ಪ್ರಶ್ನೆಗೆ ಏಕೆ ಅನ್ವಯಿಸುವುದಿಲ್ಲ ಎಂದು ಒಂದು ಸಾಲು ಬರೆಯಬೇಕು, ಖಾಲಿ ಬಿಡಬಾರದು.

ಪ್ರಶ್ನಿಸುವುದೇ ಅಪನಂಬಿಕೆ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಕಣದಿಂದ ಬಂದ ಪಾರ್ಚ್‌ಮೆಂಟ್ ಮೂಟೆಯನ್ನು ಇಳಿಸಿಕೊಳ್ಳುವಾಗ ಕ್ಯೂರಿಂಗ್ ವರ್ಕ್ಸ್‌ನವರು ತೂಕ ಮಾಡಿ, ಮಾದರಿ ತೆಗೆದು, ತೇವಾಂಶ ನೋಡುತ್ತಾರೆ. ಮೂರು ತಲೆಮಾರಿನ ಪರಿಚಯದ ಬೆಳೆಗಾರರದ್ದಾದರೂ ನೋಡುತ್ತಾರೆ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಒಣಗದ ಒಂದು ಲಾಟ್ ಪಕ್ಕದ ಲಾಟ್‌ಗಳನ್ನೂ ಕೆಡಿಸುತ್ತದೆಂದು ಇಬ್ಬರಿಗೂ ಗೊತ್ತು. ಪ್ರಶ್ನಾವಳಿಯೂ ಅಂಥದ್ದೇ ಪರೀಕ್ಷೆ.

ಪ್ರಮಾಣಪತ್ರಗಳ ಬಗ್ಗೆ ಒಂದು ಮಾತು. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ, ಅವುಗಳಲ್ಲಿ ಪೂರೈಕೆದಾರರ ಸಂಬಂಧಕ್ಕೇ ಮೀಸಲಾದವೂ ಇವೆ. ದೊಡ್ಡ ಘಟಕಕ್ಕೆ ಅದು ಉಪಯುಕ್ತ. ಹತ್ತು ಕಂಪ್ಯೂಟರ್‌ಗಳ ಕಚೇರಿಗೆ ಮೊದಲ ಹೆಜ್ಜೆಯಾಗಿ ಅದು ಬೇಕಿಲ್ಲ. ಇನ್ನೊಬ್ಬರ ಪ್ರಮಾಣಪತ್ರ ನೋಡುವಾಗಲೂ ಅದು ಸಂಸ್ಥೆಯ ಯಾವ ಶಾಖೆಗೆ, ಯಾವ ಕೆಲಸಕ್ಕೆ ಕೊಟ್ಟದ್ದೆಂದು ಓದಬೇಕು. ಬೆಂಗಳೂರಿನ ಮುಖ್ಯ ಕಚೇರಿಗೆ ಕೊಟ್ಟ ಪ್ರಮಾಣಪತ್ರ ಹಾಸನದ ಘಟಕದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೇಳುವವರ ಹೊಣೆ

ಇಷ್ಟೆಲ್ಲವನ್ನೂ ಪೂರೈಕೆದಾರರ ತಲೆಗೇ ಕಟ್ಟುವುದು ನ್ಯಾಯವಲ್ಲ. ಪೋರ್ಟಲ್‌ಗೆ ಲಾಗಿನ್ ಇರುವ ಸಾಫ್ಟ್‌ವೇರ್ ಸಂಸ್ಥೆಗೂ, ರಟ್ಟಿನ ಪೆಟ್ಟಿಗೆ ಪೂರೈಸುವವರಿಗೂ, ಎರಡು ಲಾರಿ ಇಟ್ಟುಕೊಂಡಿರುವವರಿಗೂ ಒಂದೇ ಇನ್ನೂರು ಪ್ರಶ್ನೆಗಳ ಕಡತ ಕಳುಹಿಸುವ ಕಂಪನಿ ತನ್ನ ಕಡತಕೋಶವನ್ನು ತುಂಬಿಸುತ್ತಿದೆಯೇ ಹೊರತು ಅಪಾಯವನ್ನು ತಗ್ಗಿಸುತ್ತಿಲ್ಲ. ಮೊದಲು ವಿಂಗಡಣೆ ಆಗಬೇಕು. ನಮ್ಮ ಜಾಲದೊಳಗೆ ಬರುವವರು ಯಾರು, ನಮ್ಮ ಜನರ ಮಾಹಿತಿ ಯಾರ ಬಳಿ ಇದೆ, ಯಾರು ನಿಂತರೆ ನಮ್ಮ ಕೆಲಸ ನಿಲ್ಲುತ್ತದೆ ಎಂದು ನೋಡಿ, ಆ ಕೆಲವರಿಗೆ ಆಳವಾದ ಪ್ರಶ್ನೆ ಕೇಳಿ, ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಉಳಿದವರಿಗೆ ಒಂದು ಪುಟ ಸಾಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೇಳಿದ ಹತ್ತು ಪ್ರಶ್ನೆಗಳಿಗೆ ಬರುವ ಉತ್ತರ, ಇಂಗ್ಲಿಷಿನ ನೂರು ಪ್ರಶ್ನೆಗಳಿಗೆ ಬರುವ ‘ಹೌದು’ಗಳಿಗಿಂತ ಹೆಚ್ಚು ಸತ್ಯವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಖರೀದಿದಾರರು ತಮ್ಮ ಕಡೆಯಿಂದಲೂ ದಾರಿಯನ್ನು ಕಿರಿದು ಮಾಡಬೇಕು. ಬಿಲ್ ಸಲ್ಲಿಸಲು ಬರುವವರಿಗೆ ಬಿಲ್ ಸಲ್ಲಿಸುವಷ್ಟೇ ಪ್ರವೇಶ ಸಾಕು. ಟಾರ್ಗೆಟ್‌ನಲ್ಲಿ ತಪ್ಪಿದ್ದು ಇದೇ. ಎರಡನೇ ದೃಢೀಕರಣವನ್ನು ಪೂರೈಕೆದಾರರಿಂದ ಬೇಡುವವರು ತಮ್ಮ ಪೋರ್ಟಲ್‌ನಲ್ಲಿ ಅದನ್ನು ಉಚಿತವಾಗಿ ಒದಗಿಸಬೇಕು. ಘಟನೆಯನ್ನು ತಕ್ಷಣ ತಿಳಿಸಿದವರ ಮೇಲೆ ದಂಡದ ಕಲಂ ಬೀಸುವ ಒಪ್ಪಂದವಿದ್ದರೆ ಯಾರೂ ತಕ್ಷಣ ತಿಳಿಸುವುದಿಲ್ಲ. ಮುಚ್ಚಿಟ್ಟರೆ ದಂಡ, ತಿಳಿಸಿದರೆ ನೆರವು ಎಂದು ಬರೆದ ಒಪ್ಪಂದ ಇಬ್ಬರನ್ನೂ ಕಾಯುತ್ತದೆ.

ದಾಳಿಯಾದ ದಿನ, ಸಂಬಂಧ ಮುಗಿದ ದಿನ

ದಾಳಿಯಾಗಿದೆ ಎಂದು ಅನುಮಾನ ಬಂದ ಕೂಡಲೇ ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆಯಬೇಕು, ವೈಫೈ ನಿಲ್ಲಿಸಬೇಕು. ಆದರೆ ಫಾರ್ಮ್ಯಾಟ್ ಮಾಡಬಾರದು, ಏಕೆಂದರೆ ಹೇಗೆ ಒಳಬಂದರು ಎಂಬ ಸುಳಿವು ಅದರಲ್ಲಿಯೇ ಇರುತ್ತದೆ. ಪರದೆಯ ಮೇಲಿನ ಸಂದೇಶದ ಫೋಟೊ ತೆಗೆದು, ಬೇರೆ ಸುರಕ್ಷಿತ ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಾಯಿಸಬೇಕು. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿಯಾದ 1930 ಸಂಖ್ಯೆಗೂ ಆ ಕ್ಷಣವೇ ಕರೆ ಮಾಡಬೇಕು, ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು, ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಖರೀದಿದಾರರಿಗೂ ತಿಳಿಸಬೇಕು, ಪೂರ್ಣ ವಿವರ ಸಿಗಲಿ ಎಂದು ಕಾಯದೆ. ಯಾರು ಯಾರಿಗೆ ಕರೆ ಮಾಡಬೇಕೆಂಬ ಪಟ್ಟಿ ಕಾಗದದ ಮೇಲೆ ಇರಬೇಕು. ಕಂಪ್ಯೂಟರ್ ತೆರೆಯದ ದಿನ ಕಂಪ್ಯೂಟರಿನಲ್ಲಿರುವ ಪಟ್ಟಿ ಉಪಯೋಗಕ್ಕೆ ಬಾರದು.

ಒಪ್ಪಂದ ಮುಗಿದಾಗ ಮಾಡಬೇಕಾದ ಕೆಲಸವನ್ನು ಬಹಳ ಸಂಸ್ಥೆಗಳು ಮರೆತೇಬಿಡುತ್ತವೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಸಾಫ್ಟ್‌ವೇರಿನವರ ಲಾಗಿನ್, ಹಳೆಯ ಸಂಬಳದ ಏಜೆನ್ಸಿಯ ಬಳಿ ಉಳಿದ ನೌಕರರ ಪಟ್ಟಿ, ಬೇರೆ ಕಂಪನಿಗೆ ಹೋದ ಮ್ಯಾನೇಜರ್ ಫೋನಿನಲ್ಲಿ ಇನ್ನೂ ತೆರೆದಿರುವ ಕಚೇರಿಯ ಇಮೇಲ್: ಇವು ಯಾರೂ ಕಾಯದ ದಾರಿಗಳು. ಕೊನೆಯ ಬಿಲ್ ಪಾವತಿಯಾಗುವ ಮುನ್ನ ಲಾಗಿನ್‌ಗಳು ರದ್ದಾಗಿವೆ, ದೂರಪ್ರವೇಶದ ಪ್ರೋಗ್ರಾಂ ತೆಗೆದಿದೆ, ಮಾಹಿತಿಯ ಪ್ರತಿಗಳನ್ನು ಅಳಿಸಿದೆ ಅಥವಾ ಹಿಂತಿರುಗಿಸಿದೆ ಎಂದು ಎರಡೂ ಕಡೆಯವರು ಸಹಿ ಹಾಕಿದ ಒಂದು ಹಾಳೆ ಆ ಬಿಲ್‌ನ ಜೊತೆಗೇ ಕಡತಕ್ಕೆ ಸೇರಬೇಕು.